ಕರಡು ಕರಡಿನಂತೆಯೇ ಕಾಣಲಿ

ತಂತ್ರಾಂಶವೊಂದನ್ನು ಬರೆಯುವ ಮೊದಲು ಅದರ ಪರದೆಗಳು ಹೇಗಿರಬೇಕು, ಯಾವ ಗುಂಡಿ ಒತ್ತಿದರೆ ಯಾವ ಪುಟ ತೆರೆಯಬೇಕು ಎಂಬುದನ್ನು ತೋರಿಸುವ ಮಾದರಿಯನ್ನು ಸಿದ್ಧಪಡಿಸುವುದು ಈಗ ರೂಢಿ. ನಮ್ಮ ಬಳಗದ ಎಷ್ಟೋ ಮನೆಗಳ ಮಕ್ಕಳು ಇದೇ ಉದ್ಯೋಗದಲ್ಲಿದ್ದಾರೆ. ಮಾದರಿಗೆ ಯಾವ ಸಾಧನ ಉತ್ತಮವೆಂಬ ಚರ್ಚೆ ಎದ್ದಾಗಲೆಲ್ಲ ಸೌಲಭ್ಯಗಳ ಪಟ್ಟಿ ಹೊರಬರುತ್ತದೆ. ಮಾದರಿಯಿಂದ ತಿಳಿಯಬೇಕಾದುದೇನು ಎಂಬ ಪ್ರಶ್ನೆ ಹಿಂದುಳಿಯುತ್ತದೆ. ನಮ್ಮ ಆಕ್ಷೇಪವಿರುವುದು ಇಲ್ಲಿಯೇ.

ಪ್ರಶ್ನೆ ಸ್ಪಷ್ಟವಾಗಿದ್ದರೆ ಸಾಧನ ಎಷ್ಟು ಸರಳವಾದರೂ ಸಾಕು. 1996ರಲ್ಲಿ ಮಾರುಕಟ್ಟೆಗೆ ಬಂದ ಪಾಮ್‌ಪೈಲಟ್ ಎಂಬ ಅಂಗೈಗಣಕದ ನಿರ್ಮಾತೃ ಜೆಫ್ ಹಾಕಿನ್ಸ್, ಯಂತ್ರ ತಯಾರಾಗುವ ಮೊದಲು ಅದರ ಗಾತ್ರದ ಮರದ ತುಂಡೊಂದನ್ನು ಕಿಸೆಯಲ್ಲಿಟ್ಟುಕೊಂಡು ಓಡಾಡಿದರು. ಬೇಕೆನಿಸಿದಾಗ ಹೊರತೆಗೆದು ಬಳಸುವಂತೆ ನಟಿಸಿದರು. ಇಂಥದೊಂದು ಯಂತ್ರ ದಿನವೂ ಕೈಗೆ ಬೇಕಾದೀತೇ ಎಂಬ ಅವರ ಪ್ರಶ್ನೆಗೆ ಮರದ ತುಂಡೇ ಉತ್ತರ ಕೊಟ್ಟಿತು.

2016ರಲ್ಲಿ ಸಾರ್ವಜನಿಕರಿಗೆ ತೆರೆದ ಫಿಗ್ಮಾ ಇಂದು ಈ ಕ್ಷೇತ್ರದ ಮೆಚ್ಚಿನ ಸಾಧನ. ದೂರದೂರದಲ್ಲಿ ಕುಳಿತ ಹಲವರು ಒಂದೇ ವಿನ್ಯಾಸವನ್ನು ಏಕಕಾಲಕ್ಕೆ ತಿದ್ದಬಹುದೆಂಬುದು ಅದರ ನಿಜವಾದ ಗುಣ. ಆದರೆ ಅದರ ಮೆರುಗೇ ಅದರ ದೋಷವೂ ಹೌದು. ಮೊದಲ ದಿನದ ಊಹೆಯೂ ಸಿದ್ಧವಸ್ತುವಿನಂತೆ ತೋರುವುದರಿಂದ, ನೋಡುವವರು ಬಣ್ಣದ ಬಗ್ಗೆ ಎರಡು ಮಾತಾಡಿ ಸುಮ್ಮನಾಗುತ್ತಾರೆ. ಸಂಘದ ನಾಟಕಗಳಲ್ಲಿ ದುಡಿದವರಿಗೆ ಇದು ಹೊಸತಲ್ಲ: ತಾಲೀಮಿನಲ್ಲಿ ಮಾತು ತಿದ್ದಬಹುದು, ಬಣ್ಣ ಹಚ್ಚಿ ರಂಗಕ್ಕೆ ಬಂದ ಮೇಲೆ ತಿದ್ದುವವರಿಲ್ಲ. 2008ರಲ್ಲಿ ಬಂದ ಬಾಲ್ಸಾಮಿಕ್‌ನ ಗೀಟುಗಳು ಬೇಕೆಂದೇ ಕೈಯಲ್ಲಿ ಎಳೆದಂತೆ ಕಾಣುತ್ತವೆ. ಪುಟಗಳ ಅನುಕ್ರಮ ಸರಿಯೇ ಎಂದು ತಿಳಿಯಲು ಅದೋ, ಬರಿಯ ಕಾಗದವೋ ಮೇಲು.

ಹಾಗೆಂದು ಕಾಗದವೇ ಎಲ್ಲಕ್ಕೂ ಮದ್ದಲ್ಲ. ಅಕ್ಷರ ಸಲೀಸಾಗಿ ಓದಲು ಬರುತ್ತದೆಯೇ, ಗುಂಡಿ ಬೆರಳಿಗೆ ಸಿಗುತ್ತದೆಯೇ ಎಂಬುದನ್ನು ಫೋನಿನಲ್ಲೇ ನೋಡಬೇಕು. ಕನ್ನಡದ ಪ್ರಶ್ನೆ ಬರುವುದೂ ಇಲ್ಲಿಯೇ. ಮಾದರಿಗಳಲ್ಲಿ ಅರ್ಥವಿಲ್ಲದ ಲ್ಯಾಟಿನ್ ಪದಗಳನ್ನು ತುಂಬುವ ವಾಡಿಕೆಯಿದೆ. ಆ ಅಳತೆಗೆ ಹೊಂದಿಸಿದ ಪುಟ್ಟ ಗುಂಡಿಯಲ್ಲಿ ‘ಮುಂದುವರಿಯಿರಿ’ ಎಂಬ ಪದ ಹಿಡಿಸದು. ಸಾಲಿನ ಎತ್ತರ ಸಾಲದೆ ‘ರಾಷ್ಟ್ರ’ದ ಒತ್ತಕ್ಷರಗಳು ಕತ್ತರಿಸಿಹೋಗುತ್ತವೆ. ಕನ್ನಡ ಮಾತ್ರ ಓದಬಲ್ಲ ತಾಯಿಯೊಬ್ಬರು ಮಗನ ಬರವನ್ನು ಕಾಯದೆ ತಾವೇ ಔಷಧಿ ತರಿಸಿಕೊಳ್ಳುವುದು ಇಂಥ ಒಂದು ಗುಂಡಿಯನ್ನು ಅವಲಂಬಿಸಿದೆ. ಆದ್ದರಿಂದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸದ ಸಾಧನ ಎಷ್ಟೇ ಜನಪ್ರಿಯವಾಗಿದ್ದರೂ ನಮ್ಮ ಭಾಷೆಯ ಕೆಲಸಕ್ಕೆ ಒದಗದು.

ಇನ್ನೊಂದು ಮಾತು. ಒಂದು ಕಾಲಕ್ಕೆ ಹೆಸರುವಾಸಿಯಾಗಿದ್ದ ಇನ್‌ವಿಷನ್ 2024ರ ಕೊನೆಗೆ ತನ್ನ ವಿನ್ಯಾಸ ಸೇವೆಗಳನ್ನು ನಿಲ್ಲಿಸಿತು. ಸಾಧನ ಹೋದರೂ ಕೆಲಸ ಉಳಿಯುವಂತೆ ಪ್ರತಿಗಳನ್ನು ಬೇರೆಡೆ ತೆಗೆದಿಡುವುದು ಲೇಸು.

ನಮ್ಮ ತರುಣ ಮಿತ್ರರಲ್ಲಿ ವಿನಂತಿ ಇಷ್ಟೆ: ಮೊದಲು ಪ್ರಶ್ನೆಯನ್ನು ಬರೆದುಕೊಳ್ಳಿ, ಅದಕ್ಕೆ ಉತ್ತರ ಕೊಡಬಲ್ಲ ಅತಿ ಸರಳ ಸಾಧನವನ್ನು ಹಿಡಿಯಿರಿ, ಕೊನೆಯ ಹಂತದಲ್ಲಿ ನಿಜವಾದ ಕನ್ನಡ ಪದಗಳನ್ನೇ ತುಂಬಿ, ಅದನ್ನು ಬಳಸಬೇಕಾದವರ ಕೈಗೇ ಕೊಟ್ಟು ನೋಡಿ.