ಬ್ಯೂರೆಟ್ ಕಲಿಸುವ ಹದ

ಬಿ.ಎಸ್ಸಿ. ಮೊದಲ ವರ್ಷದ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಬ್ಯೂರೆಟ್. 50 ಮಿಲಿಲೀಟರ್ ಹಿಡಿಯುವ ನೀಳ ಗಾಜಿನ ಕೊಳವೆ, ಮೈತುಂಬ 0.1 ಮಿಲಿಲೀಟರಿನ ಗೆರೆಗಳು, ಬುಡದಲ್ಲೊಂದು ತಿರುಪು. ಇಷ್ಟೇ. ಜರ್ಮನಿಯ ಕಾರ್ಲ್ ಫ್ರೆಡ್ರಿಕ್ ಮೋರ್ 1855ರಲ್ಲಿ ಟೈಟ್ರೇಶನ್, ಅಂದರೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಅಳೆದು ಬೆರೆಸಿ ಪ್ರಮಾಣ ಕಂಡುಹಿಡಿಯುವ ವಿಧಾನದ ಬಗ್ಗೆ ಪಠ್ಯಪುಸ್ತಕ ಬರೆದ ಕಾಲದಿಂದ ಇದರ ತತ್ವ ಬದಲಾಗಿಲ್ಲ.

ಫ್ಲಾಸ್ಕಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲ, ಜೊತೆಗೆ ಬಣ್ಣದಿಂದ ಸುಳಿವು ಕೊಡುವ ಸೂಚಕವಾಗಿ ಎರಡು ಹನಿ ಫಿನಾಲ್ಫ್ಥಲೀನ್. ಎಡಗೈ ತಿರುಪಿನ ಮೇಲೆ. ಬಲಗೈ ಫ್ಲಾಸ್ಕನ್ನು ಮೆಲ್ಲಗೆ ಸುತ್ತಿಸುತ್ತಿರಬೇಕು. ಮೇಲಿನ ಬ್ಯೂರೆಟ್ಟಿನಿಂದ ಸೋಡಿಯಂ ಹೈಡ್ರಾಕ್ಸೈಡ್ ಬಿದ್ದ ಕಡೆ ಗುಲಾಬಿ ಬಣ್ಣ ಮೂಡಿ ತಕ್ಷಣ ಕರಗಿಹೋಗುತ್ತದೆ. ಕರಗಲು ತಡಮಾಡತೊಡಗಿತೋ, ಇನ್ನು ಹನಿಹನಿಯಾಗಿಯೇ ಬಿಡಬೇಕು. ಒಂದೆಳೆ ಪಾಕಕ್ಕೆ ಕಾದು ನಿಂತ ಅಡುಗೆಯವರ ಎಚ್ಚರ ಬೇಕಾಗುವುದು ಇಲ್ಲಿಯೇ. ಒಂದು ಹನಿಯೆಂದರೆ ಸುಮಾರು 0.05 ಮಿಲಿಲೀಟರ್, ಆಮ್ಲವೆಲ್ಲ ತೀರುವ ಅಂತ್ಯಬಿಂದುವಿನಲ್ಲಿ ಅಷ್ಟಕ್ಕೇ ಪಿಎಚ್ ಹಲವು ಅಂಕ ಜಿಗಿಯುತ್ತದೆ. ನಸುಗುಲಾಬಿ ಅರೆ ನಿಮಿಷ ನಿಂತರೆ ಸಾಕು. ಗಾಢವಾದರೆ ಹದ ಮೀರಿತು.

ತರಗತಿಯಲ್ಲಿ ಬರಿಯ ಲೆಕ್ಕವಾಗಿದ್ದ ಮೋಲ್ ಇಲ್ಲಿ ಕಣ್ಣಿಗೆ ಕಾಣುತ್ತದೆ. ದ್ರವದ ಬಾಗಿದ ಮೇಲ್ಮೈಯ ತಳಕ್ಕೆ ಕಣ್ಣನ್ನು ಸಮಮಾಡಿ ಗೆರೆ ಓದುವ ಶಿಸ್ತನ್ನು ಯಾವ ಉಪನ್ಯಾಸವೂ ಇಷ್ಟು ಚೆನ್ನಾಗಿ ಕಲಿಸಲಾರದು.