ಮೂರು ಪ್ಲಾಟ್‌ಫಾರ್ಮುಗಳ ಜಾಣ್ಮೆ

ಮಾದರಿ ರೈಲು ಕಟ್ಟಲು ಹೊರಟವರು ಸಾಮಾನ್ಯವಾಗಿ ಮೊದಲು ಬರೆಯುವುದು ದುಂಡನೆಯ ಹಳಿ. ರೈಲು ಸುತ್ತುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಪ್ರಯಾಣಿಕರ ರೈಲನ್ನೇ ಓಡಿಸಬೇಕೆನ್ನುವವರಿಗೆ, ಬ್ರಿಟನ್ನಿನ ಸಿರಿಲ್ ಫ್ರೀಜರ್ 1957ರಲ್ಲಿ ‘ರೈಲ್ವೆ ಮಾಡಲರ್’ ಪತ್ರಿಕೆಯಲ್ಲಿ ಕೊಟ್ಟ ‘ಮಿನರೀಸ್’ ನಕ್ಷೆಗಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ಅದು ನಗರದ ಪುಟ್ಟ ಕೊನೆಯ ನಿಲ್ದಾಣ. ಜೋಡಿ ಹಳಿ ಬಂದು ಮೂರು ಪ್ಲಾಟ್‌ಫಾರ್ಮುಗಳಿಗೆ ಕವಲೊಡೆಯುತ್ತದೆ. ಸೊಗಸೆಲ್ಲ ಆ ಕವಲಿನಲ್ಲೇ ಇದೆ. ಉದ್ದನೆಯ ಬೋಗಿಗಳು ಎಡಕ್ಕೆ ಹೊರಳಿ ತಕ್ಷಣ ಬಲಕ್ಕೆ ಹೊರಳಿದರೆ ಅವುಗಳ ತುದಿಯ ಬಫರುಗಳು ಒಂದಕ್ಕೊಂದು ಸಿಕ್ಕಿಕೊಂಡು ಹಳಿ ತಪ್ಪುವ ಭಯ. ಫ್ರೀಜರ್ ಪಾಯಿಂಟುಗಳನ್ನು, ಅಂದರೆ ರೈಲನ್ನು ಹಳಿಯಿಂದ ಹಳಿಗೆ ತಿರುಗಿಸುವ ಕವಲುಗಳನ್ನು, ಜೋಡಿಸಿದ ರೀತಿಯಲ್ಲಿ ಬಹುತೇಕ ದಾರಿಗಳಿಗೆ ಆ ಕಾಟವಿಲ್ಲ. ಇನ್ನು ಇದು ಕೊನೆಯ ನಿಲ್ದಾಣವಾದ್ದರಿಂದ ಒಳಬಂದ ಎಂಜಿನ್ ಹಳಿಯ ತುದಿಯಲ್ಲಿ ಸಿಕ್ಕಿಬೀಳುತ್ತದೆ. ಇನ್ನೊಂದು ಎಂಜಿನ್ ಹಿಂದಿನಿಂದ ಬಂದು ಬೋಗಿಗಳನ್ನು ಎಳೆದೊಯ್ದ ಮೇಲೇ ಅದಕ್ಕೆ ಬಿಡುಗಡೆ. ಗೂಡ್ಸ್ ಇಲ್ಲದೆಯೂ ಕೈತುಂಬ ಕೆಲಸ!

ಅಳತೆ ಮಾತ್ರ ಮೊದಲೇ ಆಗಬೇಕು. 1:87ರ ಎಚ್‌ಒ ಪ್ರಮಾಣದಲ್ಲಿ ಹಳಿಗಳ ನಡುವಿನ ಅಂತರ 16.5 ಮಿ.ಮೀ.; 26.4 ಮೀಟರಿನ ಯುರೋಪಿನ ಬೋಗಿ ಸುಮಾರು 30 ಸೆಂ.ಮೀ. ಆಗುತ್ತದೆ. ನಾಲ್ಕು ಬೋಗಿ, ಒಂದು ಎಂಜಿನ್ ಎಂದರೆ ಹತ್ತಿರಹತ್ತಿರ ಒಂದೂವರೆ ಮೀಟರ್ ಪ್ಲಾಟ್‌ಫಾರ್ಮ್. ಹಲಗೆ ಕೊಯ್ಯುವ ಮೊದಲು ನಿಮ್ಮ ರೈಲನ್ನು ನೆಲದ ಮೇಲೆ ಸಾಲಾಗಿ ನಿಲ್ಲಿಸಿ ಅಳೆದುಕೊಳ್ಳಿ.