ಬಾಗಿಲ ಬಳಿಯ ಕುದುರೆ

‘ಹಾಬ್ಸನ್ಸ್ ಚಾಯ್ಸ್’ ಎಂಬ ಇಂಗ್ಲಿಷ್ ನುಡಿಗಟ್ಟನ್ನು ಧರ್ಮಸಂಕಟವೆಂಬ ಅರ್ಥದಲ್ಲಿ ಬಳಸುವವರಿದ್ದಾರೆ. ಧರ್ಮಸಂಕಟದಲ್ಲಿ ಎರಡು ದಾರಿಗಳಿರುತ್ತವೆ, ಎರಡೂ ಕಷ್ಟದವು. ಹಾಬ್ಸನ್ ಕೊಡುತ್ತಿದ್ದದ್ದು ಒಂದೇ ಕುದುರೆ. ಬೇಕಾದರೆ ತಗೋ, ಬೇಡವಾದರೆ ನಡೆದು ಹೋಗು.

ಥಾಮಸ್ ಹಾಬ್ಸನ್ ಕೇಂಬ್ರಿಜ್‌ನಲ್ಲಿ ಕುದುರೆಗಳನ್ನು ಬಾಡಿಗೆಗೆ ಕೊಡುತ್ತಿದ್ದವನು. 1631ರಲ್ಲಿ ತೀರಿಕೊಂಡಾಗ, ಅಲ್ಲಿ ಓದುತ್ತಿದ್ದ ಮಿಲ್ಟನ್ ಅವನ ಮೇಲೆ ಎರಡು ತಮಾಷೆಯ ಪದ್ಯಗಳನ್ನು ಬರೆದ. ಅವನ ಲಾಯದ ನಿಯಮವನ್ನು 1712ರಲ್ಲಿ ‘ಸ್ಪೆಕ್ಟೇಟರ್’ ಪತ್ರಿಕೆ ವಿವರಿಸಿತು: ಬಾಗಿಲಿಗೆ ಹತ್ತಿರ ನಿಂತ ಕುದುರೆಯನ್ನೇ ಒಯ್ಯಬೇಕು. ಹೀಗಾಗಿ ಗಿರಾಕಿಗಳಲ್ಲಿ ತಾರತಮ್ಯವಿಲ್ಲ, ಒಂದೇ ಕುದುರೆಯ ಮೇಲೆ ಎಲ್ಲ ಭಾರ ಬೀಳುವುದೂ ಇಲ್ಲ. ಈಗ ಆ ನುಡಿಗಟ್ಟಿನಲ್ಲಿ ಉಳಿದಿರುವುದು ಗಿರಾಕಿಯ ಗೊಣಗಾಟ ಮಾತ್ರ. ಕುದುರೆಯನ್ನು ಭಾಷೆ ಮರೆತಿದೆ.

ಹೆರಾಲ್ಡ್ ಬ್ರಿಗ್‌ಹೌಸ್ 1915ರಲ್ಲಿ ರಂಗಕ್ಕೆ ಬಂದ ತನ್ನ ನಾಟಕಕ್ಕೆ ಇದನ್ನೇ ಹೆಸರಾಗಿಟ್ಟ. ಕಥೆ ನಡೆಯುವುದು 1880ರ ಸಾಲ್ಫರ್ಡ್‌ನಲ್ಲಿ. ಬೂಟಿನ ಅಂಗಡಿಯ ಯಜಮಾನ ಹಾಬ್ಸನ್ ಮೂವರು ಹೆಣ್ಣುಮಕ್ಕಳನ್ನು ಸಂಬಳವಿಲ್ಲದೆ ದುಡಿಸುತ್ತಾನೆ. ಮೂವತ್ತಾದ ಹಿರಿಮಗಳು ಮ್ಯಾಗಿಗೆ ಮದುವೆಯ ವಯಸ್ಸು ಮೀರಿತೆಂದು ಗೇಲಿ ಮಾಡುತ್ತಾನೆ. ಅವಳು ನೆಲಮಾಳಿಗೆಯಲ್ಲಿ ಬೂಟು ಹೊಲಿಯುವ ವಿಲ್ ಮಾಸಪ್‌ನನ್ನು ಕರೆದು, ನೀನೇ ನನ್ನ ಗಂಡ ಎಂದುಬಿಡುತ್ತಾಳೆ. ಕೊನೆಗೆ ಕುಡಿತದಿಂದ ಕಾಯಿಲೆ ಬಿದ್ದ ಅಪ್ಪ ಮಗಳು ಅಳಿಯಂದಿರ ಷರತ್ತಿಗೆ ತಲೆಬಾಗಬೇಕಾಗುತ್ತದೆ. ಅಂಗಡಿಯ ಹೆಸರಿನಲ್ಲಿ ಮಾಸಪ್ ಮೊದಲು, ಹಾಬ್ಸನ್ ಆಮೇಲೆ.

ಶೀರ್ಷಿಕೆಯ ಶ್ಲೇಷೆ ಇಲ್ಲಿ ಎಲ್ಲರಿಗೂ ಕಾಣುತ್ತದೆ: ಆಯ್ಕೆ ಕಳೆದುಕೊಂಡವನು ಹಾಬ್ಸನ್ನನೇ. ನನಗೆ ವಿಲ್‌ನ ಸ್ಥಿತಿ ಹೆಚ್ಚು ಕಾಡುತ್ತದೆ. ಪ್ರೀತಿಯಿಲ್ಲವೆಂದು ಅವನು ಬಾಯಿಬಿಟ್ಟು ಹೇಳುತ್ತಾನೆ, ಬೇರೆಯವಳಿಗೆ ಮಾತು ಕೊಟ್ಟಿದ್ದೇನೆಂದೂ ಹೇಳುತ್ತಾನೆ. ಮ್ಯಾಗಿ ಕೇಳುವುದಿಲ್ಲ. ಕೇಂಬ್ರಿಜ್‌ನ ವಿದ್ಯಾರ್ಥಿ ‘ಬೇಡ’ ಎಂದರೆ ಕಾಲು ನೋಯುತ್ತಿತ್ತು, ಅಷ್ಟೇ. ಯಜಮಾನನ ಮಗಳಿಗೆ ‘ಬೇಡ’ ಎಂದ ಕೆಲಸಗಾರ ಮರುದಿನ ಅದೇ ನೆಲಮಾಳಿಗೆಗೆ ಇಳಿಯಬೇಕು. ವಿಲ್ ಮುಂದೆ ಅಕ್ಷರ ಕಲಿತು, ಎದೆಯೆತ್ತಿ ಮಾವನೊಡನೆ ಚೌಕಾಶಿ ಮಾಡುವುದು ನಿಜ. ಆ ಏಳಿಗೆ ಎಷ್ಟು ಖುಷಿ ಕೊಡುತ್ತದೆಂದರೆ, ಮೊದಲ ದಿನ ಅವನ ಒಪ್ಪಿಗೆ ಯಾರಿಗೂ ಬೇಕಿರಲಿಲ್ಲ ಎನ್ನುವುದನ್ನು ಪ್ರೇಕ್ಷಕರೂ ಮರೆಯುತ್ತಾರೆ.

ವಿಲ್ ಮಾತು ಕೊಟ್ಟಿದ್ದ ಆ ಹುಡುಗಿಯ ಹೆಸರು ಏಡಾ ಫಿಗಿನ್ಸ್. ಅವಳು ಅಂಗಡಿಗೆ ಬರುತ್ತಾಳೆ, ಮ್ಯಾಗಿ ಅವಳನ್ನು ಸಾಗಹಾಕುತ್ತಾಳೆ, ಸಭಾಂಗಣ ನಗುತ್ತದೆ. ಲಾಯದಲ್ಲಿ ಅವಳಿಗೆಂದು ಒಂದು ಕುದುರೆಯೂ ಉಳಿದಿರಲಿಲ್ಲ.